ಹಳೆ ಆರ್‌ಎಕ್ಸ್ 100 ಬೈಕಿನ ಕಾರ್ಬ್ಯುರೇಟರಿಗೂ ಇಂಜಿನ್ನಿಗೂ ಮನೆಯಲ್ಲೇ ಬಣ್ಣ ಹೊಡೆಯಬಹುದಾ?

ಪ್ರಶ್ನೆ: ಸುರತ್ಕಲ್‌ನಲ್ಲಿ ನಮ್ಮ ಮನೆ. ಅಪ್ಪನ ಆರ್‌ಎಕ್ಸ್ 100 ತುಂಬಾ ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಈಗ ಓಡುತ್ತದೆ. ಆದರೆ ಕಾರ್ಬ್ಯುರೇಟರ್ ಮೇಲೆ ಬಿಳಿ ಪುಡಿ, ಇಂಜಿನ್ ಪೂರಾ ಕಲೆ ಕಲೆ. ಹೀಟ್‌ಪ್ರೂಫ್ ಸಿಲ್ವರ್ ಸ್ಪ್ರೇ ತಂದು ಎರಡಕ್ಕೂ ಹೊಡೆಯೋಣ ಅಂತಿದ್ದೇನೆ. ಇಂಜಿನ್ ಇಳಿಸದೆ ಆಗುತ್ತದಾ? ಆಯುಧ ಪೂಜೆಯೊಳಗೆ ಮುಗಿಯುತ್ತದಾ? ಬಣ್ಣ ಎಷ್ಟು ಕಾಲ ನಿಲ್ಲುತ್ತದೆ?

ಉತ್ತರ:

ಇಂಜಿನ್ನಿಗೆ ಹೊಡೆಯಬಹುದು, ಕಾರ್ಬ್ಯುರೇಟರಿಗೆ ಬೇಡ. ಒಂದೇ ಕ್ಯಾನಿನಲ್ಲಿ ಎರಡೂ ಕೆಲಸ ಮುಗಿಸುವ ಯೋಚನೆಯನ್ನಂತೂ ಈಗಲೇ ಬಿಟ್ಟುಬಿಡಿ. ನಾನು ಉಡುಪಿಯವನು. ಹಳೆ ಟೂ ಸ್ಟ್ರೋಕ್ ಗಾಡಿಗಳನ್ನು ಮನೆಯ ಅಂಗಳದಲ್ಲೇ ಬಿಚ್ಚಿ, ತೊಳೆದು, ಬಣ್ಣ ಕೊಟ್ಟು ಜೋಡಿಸುವುದು ನನಗೆ ತುಂಬಾ ಇಷ್ಟದ ಕೆಲಸ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಪುರುಸೊತ್ತಿನಲ್ಲಿ ಓದಿ.

ಬಣ್ಣ ಕೊಳ್ಳುವಾಗ ಎಲ್ಲರೂ ಕೇಳುವುದು, ಇದು ಎಷ್ಟು ಬಿಸಿ ತಡೆಯುತ್ತದೆ ಅಂತ. ಕೇಳಬೇಕಾದದ್ದು ಇನ್ನೊಂದು ಉಂಟು: ಇದು ಗಟ್ಟಿಯಾಗಲು ಎಷ್ಟು ಬಿಸಿ ಬೇಕು? ಸೈಲೆನ್ಸರಿಗೆ ಅಂತ ಮಾರುವ ಹೀಟ್‌ಪ್ರೂಫ್ ಸಿಲ್ವರ್‌ನಲ್ಲಿ ಸಾಧಾರಣವಾಗಿ ಇರುವುದು ಸಿಲಿಕೋನ್ ರೆಸಿನ್. ಹೊಡೆದು ಸ್ವಲ್ಪ ಹೊತ್ತಿಗೆ ಕೈಗೆ ಅಂಟುವುದು ನಿಲ್ಲುತ್ತದೆ, ಒಣಗಿತು ಅನ್ನಿಸುತ್ತದೆ. ಒಣಗಿದ್ದು ಹೌದು, ಗಟ್ಟಿಯಾಗಿಲ್ಲ. ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಿದ ಮೇಲೆಯೇ ಅದು ಲೋಹವನ್ನು ಕಚ್ಚಿ ಹಿಡಿಯುವುದು. ಕ್ಯಾನಿನ ಹಿಂಬದಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ದಯವಿಟ್ಟು ಓದಿ.

ಈಗ ಕಾರ್ಬ್ಯುರೇಟರ್ ನೋಡಿ, ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ ಅದು. ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಬಂದು ನಿಲ್ಲಿಸಿದ ಕೂಡಲೇ ಅದನ್ನು ಮುಟ್ಟಿ. ಪಕ್ಕದ ಬ್ಲಾಕ್, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರ್, ಸುಡುತ್ತಿರುತ್ತದೆ, ಕಾರ್ಬ್ಯುರೇಟರ್ ಮಾತ್ರ ಕೈ ಇಡುವ ಹಾಗೇ ಇರುತ್ತದೆ. ಒಳಗೆ ಪೆಟ್ರೋಲ್ ಆವಿಯಾಗುವಾಗ ಬಿಸಿಯನ್ನು ಎಳೆದುಕೊಳ್ಳುತ್ತದೆ. ಬ್ಲಾಕಿನ ಬಿಸಿ ಈಚೆ ದಾಟದಿರಲಿ ಅಂತಲೇ ನಡುವೆ ರಬ್ಬರ್ ಜಾಯಿಂಟೋ ಇನ್ಸುಲೇಟರೋ ಇಟ್ಟಿರುತ್ತಾರೆ. ಅಂದ ಮೇಲೆ ಆ ಹೀಟ್‌ಪ್ರೂಫ್ ಬಣ್ಣ ಅಲ್ಲಿ ಯಾವತ್ತೂ ಗಟ್ಟಿಯಾಗುವುದಿಲ್ಲ. ಮೇಲಿಂದ ದಿನಾ ಪೆಟ್ರೋಲ್ ತಾಗುವ ಜಾಗ ಬೇರೆ.

ನನ್ನ ಭಾವ ಒಂದು ಸೆಕೆಂಡ್ ಹ್ಯಾಂಡ್ ಗಾಡಿ ತಂದಿದ್ದರು. ಮೊದಲಿನವರು ಅದರ ಕಾರ್ಬ್ಯುರೇಟರಿಗೆ ಸಿಲ್ವರ್ ಹೊಡೆಸಿದ್ದರು, ನೋಡಲು ಹೊಸತರ ಹಾಗೇ ಇತ್ತು. ಓವರ್‌ಫ್ಲೋ ಪೈಪಿನ ಹತ್ತಿರ ಪೆಟ್ರೋಲ್ ಒಸರಿದ ಕಡೆ ಮಾತ್ರ ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಪದರವೇ ಜಾರುತ್ತಿತ್ತು. ಕಾರ್ಬ್ಯುರೇಟರಿನ ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು, ಫ್ಲೋಟ್ ಬೌಲ್, ಬಿಚ್ಚಿದೆ. ಅದರ ಅಂಚಿಗೂ ಬಣ್ಣ ಹೊಡೆದಿದ್ದರು, ಅಲ್ಲಿಂದ ಎದ್ದ ಚೂರುಗಳು ತಳದ ಪೆಟ್ರೋಲಿನಲ್ಲಿ ಮಿನುಗುತ್ತಿದ್ದವು. ಐಡ್ಲಿಂಗಿಗೆ ಪೆಟ್ರೋಲ್ ಅಳೆದು ಬಿಡುವ ಪೈಲಟ್ ಜೆಟ್ ಕಳಚಿ ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುವುದಿಲ್ಲ. ಅರ್ಧ ಮಿಲಿಮೀಟರಿಗಿಂತ ಸಣ್ಣ ತೂತು ಅದು, ಒಂದು ಚೂರು ಸಾಕು. ಐಡ್ಲಿಂಗ್ ನಿಲ್ಲುವುದಿಲ್ಲ ಅಂತ ಭಾವ ಎಷ್ಟೋ ಗ್ಯಾರೇಜ್ ಸುತ್ತಿದ್ದರು. ಕಾರಣ ಇಷ್ಟೇ ಇತ್ತು.

ಒಂದು ವೇಳೆ ಬಣ್ಣ ಹೇಗೋ ನಿಂತಿತು ಅನ್ನಿ. ಮುಂದಿನ ಸರ್ವಿಸಿನಲ್ಲಿ ಮೆಕ್ಯಾನಿಕ್ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆಯುತ್ತಾರೆ. ಅಂಟು, ಗಮ್ ಕರಗಿಸಲೆಂದೇ ಮಾಡಿದ ದ್ರವ ಅದು, ಸ್ಪ್ರೇ ಪೇಂಟನ್ನು ಬಿಡುತ್ತದಾ? ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20% ವರೆಗೂ ಎಥನಾಲ್ ಇರುತ್ತದೆ. ಮಾಮೂಲಿ ಬಣ್ಣಗಳಿಗೆ ಅದೂ ಆಗುವುದಿಲ್ಲ.

ಹಾಗಾದರೆ ಬಿಳಿ ಪುಡಿಗೆ ಎಂತ ಮಾಡುವುದು? ಹಳೆ ಕಾರ್ಬ್ಯುರೇಟರುಗಳ ಮೈ ಹೆಚ್ಚಾಗಿ ಸತುವಿನ ಮಿಶ್ರಲೋಹ, ಕೆಲವು ಅಲ್ಯೂಮಿನಿಯಂ. ಸತುವಿಗೆ ತೇವ, ಉಪ್ಪು ಎರಡೂ ಸೇರಿದರೆ ಬಿಳಿ ತುಕ್ಕು ಬರುತ್ತದೆ. ಕಡಲಿನ ಪಕ್ಕ ಇರುವ ನಮಗೆ ಎರಡಕ್ಕೂ ಬರವಿಲ್ಲ. ಒಳಗಿನ ಜೆಟ್‌ಗಳು ಹಿತ್ತಾಳೆಯವು. ಹಿತ್ತಾಳೆಯೂ ಸತುವೂ ಒಟ್ಟಿಗೆ ಇದ್ದು ನಡುವೆ ಉಪ್ಪಿನ ತೇವ ಬಂದರೆ ಸವೆಯುವುದು ಸತುವೇ. ಜೆಟ್ ಕಚ್ಚಿಕೊಂಡು ತಿರುಗದೇ ಇರುವುದು ಅದಕ್ಕೇ. ಅಲ್ಲಿ ಬಲ ಹಾಕಬೇಡಿ, ಹಿತ್ತಾಳೆಯ ತಲೆ ಒಂದೇ ತಿರುವಿಗೆ ಕಿತ್ತುಹೋಗುತ್ತದೆ. ಕಾರ್ಬ್ ಕ್ಲೀನರ್ ಹಾಕಿ ಒಂದು ರಾತ್ರಿ ಬಿಡಿ, ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಹಿಡಿದು ನಿಧಾನಕ್ಕೆ ತಿರುಗಿಸಿ.

ಬಿಚ್ಚುವಾಗ ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಗಾಳಿಯ ಪ್ರಮಾಣ ಹೊಂದಿಸುವ ಏರ್ ಸ್ಕ್ರೂ ತೆಗೆಯುವ ಮೊದಲು ಅದನ್ನು ಒಳಕ್ಕೆ ತಿರುಗಿಸಿ, ಎಷ್ಟು ಸುತ್ತಿಗೆ ಮೆತ್ತಗೆ ಕೂತಿತು ಅಂತ ಬರೆದಿಟ್ಟುಕೊಳ್ಳಿ. ರಬ್ಬರ್, ಫ್ಲೋಟ್, ಗ್ಯಾಸ್ಕೆಟ್ ಎಲ್ಲ ತೆಗೆದು ಬರೀ ಮೈಯನ್ನು ಡೀಸೆಲ್ಲಿನಲ್ಲಿ ನೆನೆಸಿ, ಹಳೆ ಟೂತ್ ಬ್ರಷ್‌ನಿಂದ ಉಜ್ಜಿ. ಬಿಳಿ ಪುಡಿ ಗಟ್ಟಿ ಕೂತಿದ್ದರೆ ಹಿತ್ತಾಳೆ ತಂತಿಯ ಬ್ರಷ್, ಅದೂ ಹೊರಮೈಗೆ ಮಾತ್ರ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್, ಬಿಸಿನೀರು. ಜೆಟ್ ತೂತಿಗೆ ತಂತಿ ಚುಚ್ಚಬೇಡಿ, ತೂತು ದೊಡ್ಡದಾದರೆ ಪೆಟ್ರೋಲ್ ಲೆಕ್ಕವೇ ತಪ್ಪುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್, ಕಾಸ್ಟಿಕ್ ಸೋಡಾ ಹತ್ತಿರವೂ ತರಬೇಡಿ. ಎರಡೂ ಸತು, ಅಲ್ಯೂಮಿನಿಯಂ ಎರಡನ್ನೂ ತಿನ್ನುತ್ತವೆ. ಮರಳು ಬ್ಲಾಸ್ಟಿಂಗ್ ಕೂಡ ಬೇಡ, ಸಪೂರ ದಾರಿಗಳಲ್ಲಿ ಕಾಳು ಕೂತರೆ ಹೊರಬರುವುದಿಲ್ಲ. ಪೌಡರ್ ಕೋಟಿಂಗ್ ಮಾಡಿಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ಅದಕ್ಕೂ ಒಪ್ಪಬೇಡಿ. ಅದನ್ನು 180-200 ಡಿಗ್ರಿಯಲ್ಲಿ ಬೇಯಿಸಬೇಕು, ಎರಕದೊಳಗೆ ಸಿಕ್ಕಿಕೊಂಡ ಗಾಳಿ ಹಿಗ್ಗಿ ಮೈಯೆಲ್ಲ ಗುಳ್ಳೆ ಏಳುತ್ತದೆ.

ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿ, ಪ್ರತಿ ತೂತಿನಿಂದಲೂ ಗಾಳಿ ಆಚೆ ಬರುತ್ತದಾ ಅಂತ ಬೆರಳಿಟ್ಟು ನೋಡಿ. ಪೂರ್ತಿ ಒಣಗಿದ ಮೇಲೆ 2ಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಯ ಆಯಿಲ್) ಮುಟ್ಟಿಸಿದ ಬಟ್ಟೆಯಲ್ಲಿ ಹೊರಮೈಯನ್ನು ತೆಳ್ಳಗೆ ಒರೆಸಿ. ಮಂದ ಬೂದು ಬಣ್ಣ ಬರುತ್ತದೆ. ಅದೇ ಅದರ ನಿಜವಾದ ಬಣ್ಣ, ನನಗಂತೂ ಅದಕ್ಕಿಂತ ಚಂದ ಬೇರೆ ಕಾಣುವುದಿಲ್ಲ. ಗಾಡಿ ತೊಳೆದಾಗಲೆಲ್ಲ ಒಮ್ಮೆ ಹೀಗೆ ಒರೆಸಿದರೆ ಬಿಳಿ ಪುಡಿ ಬೇಗ ಬರುವುದಿಲ್ಲ. ಬಣ್ಣ ಕೊಡಲೇಬೇಕು ಅಂತ ಹಟ ಇದ್ದರೆ ಟೂ ಪ್ಯಾಕ್ ಎಪಾಕ್ಸಿ ಒಂದೇ ದಾರಿ. ಅದು ಗಟ್ಟಿಯಾಗಲು ಬಿಸಿ ಬೇಡ, ಎರಡು ಡಬ್ಬಿ ಬೆರೆಸಿದರೆ ತಾನಾಗಿಯೇ ಆಗುತ್ತದೆ, ಒಂದು ವಾರ ಬಿಟ್ಟರೆ ಪೆಟ್ರೋಲನ್ನೂ ಚೆನ್ನಾಗಿ ತಡೆಯುತ್ತದೆ. ಮಲ್ಪೆ, ಬಂದರು ಕಡೆ ಬೋಟಿನ ಪೇಂಟ್ ಮಾರುವ ಅಂಗಡಿಗಳಲ್ಲಿ ಕೇಳಿ. ಹೊರಮೈಗೆ ಮಾತ್ರ, ಸಣ್ಣ ಬ್ರಷ್‌ನಿಂದ.

ಆಯುಧ ಪೂಜೆಗೆ ಕಾರ್ಬ್ಯುರೇಟರ್ ಕೆಲಸ ಧಾರಾಳ ಮುಗಿಯುತ್ತದೆ. ಇಂಜಿನ್ ಬಣ್ಣವನ್ನು ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ ಮಾರಾಯ್ರೆ. ನವರಾತ್ರಿ ಹೊತ್ತಿಗೆ ನಮ್ಮಲ್ಲಿ ಸಂಜೆ ಗುಡುಗು ಮಳೆ ಇನ್ನೂ ನಿಂತಿರುವುದಿಲ್ಲ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಸ್ಪ್ರೇ ಮಾಡಿದರೆ ಥಿನ್ನರ್ ಬೇಗ ಆರಿ ಲೋಹದ ಮೈ ತಣ್ಣಗಾಗುತ್ತದೆ. ಆ ತಂಪಿಗೆ ನೀರಿನ ಪಸೆ ಕೂತು ಬಣ್ಣ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಆಟಿ ತಿಂಗಳಲ್ಲಿ, ಜೋರು ಮಳೆಗಾಲದಲ್ಲಿ, ಹೊಡೆದವರ ಕೆಲಸ ಎಲ್ಲ ಹೀಗೇ ಆಗುವುದು. ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆ ಸಮಯ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಿ, ಮಧ್ಯಾಹ್ನ ಕಡಲಗಾಳಿ ಜೋರಾಗುವ ಮೊದಲು ಮುಗಿಸಿ.

ಇಂಜಿನ್ ಇಳಿಸದೆ ಹೊಡೆಯಬಹುದು, ಆದರೆ ಹಿಂಬದಿ, ಅಡಿಭಾಗ ಸಿಗುವುದಿಲ್ಲ. ಆರ್‌ಎಕ್ಸ್ ಇಂಜಿನ್ ಅಷ್ಟೇನೂ ಭಾರವಿಲ್ಲ, ಇಬ್ಬರು ಇದ್ದರೆ ಇಳಿಸಿಬಿಡಿ. ನಿಜವಾದ ಕೆಲಸ ತೊಳೆಯುವುದು. ಡೀಸೆಲ್ ಹಾಕಿ ಜಿಡ್ಡು ತೆಗೆಯಿರಿ, ಸೋಪು ನೀರಿನಲ್ಲಿ ತೊಳೆಯಿರಿ, ಎದ್ದ ಹಳೆ ಬಣ್ಣವನ್ನು ಬ್ರಷ್‌ನಿಂದ ಕೆರೆಯಿರಿ, ಉಳಿದದ್ದನ್ನು 320 ನಂಬರಿನ ಎಮರಿ ಪೇಪರಿನಲ್ಲಿ ಉಜ್ಜಿ. ಕೊನೆಗೆ ಸಿಹಿನೀರಿನಲ್ಲಿ ಜಾಲಾಡಿ. ಇದನ್ನು ಒತ್ತಿ ಹೇಳುತ್ತೇನೆ. ಕಡಲಿಗೆ ಹತ್ತಿರದ ಬಾವಿಗಳ ನೀರು ಕೆಲವು ಕಡೆ ಉಪ್ಪಾಗಿರುತ್ತದೆ. ಆ ನೀರಿನಲ್ಲಿ ತೊಳೆದರೆ ಒಣಗಿದ ಮೇಲೆ ಉಪ್ಪು ಅಲ್ಲೇ ಕೂರುತ್ತದೆ, ಕಣ್ಣಿಗೆ ಕಾಣುವುದೂ ಇಲ್ಲ. ಅದರ ಮೇಲೆ ಎಷ್ಟೇ ದುಬಾರಿ ಬಣ್ಣ ಹೊಡೆದರೂ ಉಪ್ಪು ತೇವವನ್ನು ಎಳೆದು ಮಳೆಗಾಲಕ್ಕೆ ಅಡಿಯಿಂದ ಗುಳ್ಳೆ ಎಬ್ಬಿಸುತ್ತದೆ. ಬಾವಿ ನೀರಿನ ಮೇಲೆ ಸಂಶಯ ಇದ್ದರೆ ಕೊನೆಯ ಒಂದು ಬಕೆಟ್ ಕುಡಿಯುವ ನೀರು ತನ್ನಿ. ಒಣಗಿದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಬೆವರೂ ಉಪ್ಪೇ ಅಲ್ವಾ. ಉಜ್ಜಿದ ದಿನವೇ ಬಣ್ಣ ಕೊಡಿ. ಅಲ್ಯೂಮಿನಿಯಂ ಮೇಲೆ ಹೊಸ ಪದರ ಕಟ್ಟಲು ಶುರುವಾಗಿಯೇ ಇರುತ್ತದೆ.

ಯಾವ ಭಾಗಕ್ಕೆ ಯಾವ ಬಣ್ಣ ಅನ್ನುವುದಕ್ಕೂ ಮೇಲಿನ ಲೆಕ್ಕವೇ. ಸೈಲೆನ್ಸರ್ ಪೈಪಿಗೆ 600 ಡಿಗ್ರಿಯ ಸಿಲಿಕೋನ್ ಬಣ್ಣ ಸರಿ, ಅಲ್ಲಿ ಬಿಸಿ ಸಿಗುತ್ತದೆ. ಅದನ್ನೇ ಚೇಂಬರ್ (ಬ್ಲಾಕಿನ ಕೆಳಗಿನ ಇಂಜಿನ್ ಪೆಟ್ಟಿಗೆ), ಸೈಡ್ ಕವರಿಗೆ ಹೊಡೆದರೆ ಕಾರ್ಬ್ಯುರೇಟರಿನ ಕತೆಯೇ. ಅವು ನೂರು ಡಿಗ್ರಿ ಆಸುಪಾಸಿನಲ್ಲೇ ಇರುವುದು. ಅಲ್ಲಿಗೂ, ಬ್ಲಾಕಿಗೂ ಅದರ ಮೇಲಿನ ಮುಚ್ಚಳವಾದ ಹೆಡ್ಡಿಗೂ ಬೇಕಾದದ್ದು ಇಂಜಿನ್ ಎನಾಮೆಲ್. ಅದು ಸುಮಾರು 260 ಡಿಗ್ರಿ ತಡೆಯುತ್ತದೆ, ನೂರು ಡಿಗ್ರಿ ಒಳಗೇ ಗಟ್ಟಿಯಾಗುತ್ತದೆ. ಚೇಂಬರ್ ಮತ್ತು ಕವರಿಗೆ ಅಡಿಯಲ್ಲಿ ಎಚ್ (etch) ಪ್ರೈಮರ್, ಅಂದರೆ ಲೋಹವನ್ನು ತುಸು ಕೊರೆದು ಹಿಡಿಯುವ ಪ್ರೈಮರ್, ಒಂದು ತೆಳು ಕೋಟ್ ಕೊಡಿ. ಗೇಟಿಗೆ ಹೊಡೆಯುವ ರೆಡ್ ಆಕ್ಸೈಡ್ ಕಬ್ಬಿಣಕ್ಕೆ ಹೊಡೆಯುವ ಪ್ರೈಮರ್, ಇಲ್ಲಿ ನಿಲ್ಲುವುದಿಲ್ಲ. ಹೆಡ್ಡಿಗೆ ಮಾಮೂಲಿ ಪ್ರೈಮರ್ ಬೇಡ, ಉಜ್ಜಿದ ಲೋಹದ ಮೇಲೆ ನೇರ ಹೊಡೆಯಿರಿ.

ಗ್ಯಾಸ್ಕೆಟ್ ಕೂರುವ ಮುಖ, ಬೋಲ್ಟ್ ತಲೆ ಕೂರುವ ಜಾಗ, ಇಂಜಿನ್ ಚಾಸಿಸ್‌ಗೆ ಸೇರುವ ಮೌಂಟಿಂಗ್, ಇಷ್ಟಕ್ಕೂ ಮಾಸ್ಕಿಂಗ್ ಟೇಪ್ ಹಾಕಿ. ಬೋಲ್ಟಿನ ಅಡಿ ದಪ್ಪ ಬಣ್ಣ ಇದ್ದರೆ ಬಿಸಿಗೆ ಅದು ಕುಗ್ಗಿ ಬೋಲ್ಟ್ ಸಡಿಲವಾಗುತ್ತದೆ. ಮೌಂಟಿಂಗ್ ಮೇಲೆ ಬಣ್ಣ ಇದ್ದರೆ ಅರ್ಥಿಂಗ್ ಸಿಗದೆ ಲೈಟ್, ಸ್ಪಾರ್ಕ್ ತೊಂದರೆ ಬರಬಹುದು. ಪ್ಲಗ್ ತೂತಿಗೆ ಹಳೆ ಪ್ಲಗ್ ಹಾಕಿಡಿ. ಗಾಳಿ, ಹೊಗೆ ಹೋಗುವ ಪೋರ್ಟಿಗೆ ಬಟ್ಟೆ ತುರುಕಿದ್ದರೆ ಅದರ ಬಾಲ ಹೊರಗೆ ಕಾಣುವ ಹಾಗೆ ಬಿಡಿ.

ನಮ್ಮ ಅಂಗಳದ ಕೆಂಪು ಮಣ್ಣಿನ ಧೂಳು ಹಸಿ ಬಣ್ಣಕ್ಕೆ ಕೂತರೆ ಹೋಗುವುದಿಲ್ಲ, ಮೊದಲು ನೀರು ಚಿಮುಕಿಸಿ ಟಾರ್ಪಾಲ್ ಹಾಸಿ. ಕ್ಯಾನನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಚೆನ್ನಾಗಿ ಕುಲುಕಿ. ಒಲೆಯ ಮೇಲೆ ಮಾತ್ರ ಬಿಸಿ ಮಾಡಬೇಡಿ, ಸಿಡಿಯುತ್ತದೆ. ಸುತ್ತಮುತ್ತ ಬೆಂಕಿ, ದೀಪ ಇರಬಾರದು. ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್ ಹಾಕಿ, ಬಟ್ಟೆ ಮಾಸ್ಕ್ ಸಾಲದು. 20-25 ಸೆಂಟಿಮೀಟರ್ ದೂರದಿಂದ, ಮೊದಲು ಬ್ಲಾಕ್, ಹೆಡ್ ಮೇಲಿನ ತೆಳು ರೆಕ್ಕೆಗಳಾದ ಫಿನ್‌ಗಳ ಸಂದಿಗೆ ಓರೆಯಾಗಿ, ಲೋಹ ಇನ್ನೂ ಕಾಣುವಷ್ಟು ತೆಳ್ಳಗೆ. ಹತ್ತು ನಿಮಿಷ ಬಿಟ್ಟು ಇನ್ನೊಂದು ಕೋಟ್, ಆಮೇಲೆ ಮೂರನೆಯದು. ಒಂದೇ ಸಲ ತುಂಬಿಸಿದರೆ ಸಂದಿಯಲ್ಲಿ ಬಣ್ಣ ಇಳಿದು ದಪ್ಪವಾಗುತ್ತದೆ. ದಪ್ಪ ಬಣ್ಣ ಇಂಜಿನ್ ಬಿಸಿಯನ್ನೂ ಹಿಡಿದಿಡುತ್ತದೆ. ಬಣ್ಣ ಕಪ್ಪಾದರೂ ತೆಳ್ಳಗಿದ್ದರೆ ಹೆದರಬೇಡಿ, ಬರಿ ಅಲ್ಯೂಮಿನಿಯಂಗಿಂತ ಕಪ್ಪು ಮೈ ಬಿಸಿಯನ್ನು ಚೆನ್ನಾಗಿಯೇ ಹೊರಹಾಕುತ್ತದೆ.

ಎರಡು ದಿನ ಬಿಸಿಲಿಗೆ ಬಿಡಿ. ಅಡಿಗೆಮನೆಯ ಓವನ್ ಬೇಡ, ಆ ಆವಿ ಊಟಕ್ಕೆ ಸೇರಬಾರದು. ಜೋಡಿಸಿ ಸ್ಟಾರ್ಟ್ ಮಾಡಿ, ಐದು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟು ಆಫ್ ಮಾಡಿ, ಪೂರ್ತಿ ತಣಿಯಲಿ. ಆಮೇಲೆ ಹತ್ತು ನಿಮಿಷ, ಮತ್ತೆ ತಣಿಯಲಿ. ಮೂರನೇ ಸಲ ಮನೆಯ ಹತ್ತಿರವೇ ನಿಧಾನಕ್ಕೆ ಒಂದು ಸುತ್ತು. ಸ್ವಲ್ಪ ಹೊಗೆ, ವಾಸನೆ ಬರುತ್ತದೆ, ಗಾಬರಿ ಬೇಡ. ಇದು ಮುಗಿಯುವವರೆಗೆ ಬಣ್ಣದ ಮೇಲೆ ಪೆಟ್ರೋಲ್ ಬೀಳದಂತೆ ನೋಡಿಕೊಳ್ಳಿ.

ಎಷ್ಟು ಕಾಲ ನಿಲ್ಲುತ್ತದೆ ಅಂದರೆ, ತೊಳೆಯುವ ಕೆಲಸ ಸರಿಯಾಗಿದ್ದರೆ ಕೆಲವು ವರ್ಷ ಆರಾಮಾಗಿ. ಮೊದಲು ಹೋಗುವುದು ಬೂಟು ಉಜ್ಜುವ ಕಿಕ್ಕರ್ ಪಕ್ಕದ ಕವರ್, ಆಮೇಲೆ ಕಾರ್ಬ್ಯುರೇಟರಿನ ನೇರ ಕೆಳಗೆ ಪೆಟ್ರೋಲ್ ತೊಟ್ಟಿಕ್ಕುವ ಜಾಗ. ಪಣಂಬೂರು ಬೀಚ್ ಕಡೆ ಹೋಗಿ ಬಂದರೆ ಇಂಜಿನ್ ತಣಿದ ಮೇಲೆ ಸಿಹಿನೀರಿನಲ್ಲಿ ತೊಳೆಯಿರಿ. ಕ್ಯಾನಿನಲ್ಲಿ ಉಳಿದ ಬಣ್ಣ ಎಸೆಯಬೇಡಿ, ತಲೆಕೆಳಗೆ ಹಿಡಿದು ಬರಿ ಗಾಳಿ ಬರುವವರೆಗೆ ಒತ್ತಿ ಇಟ್ಟರೆ ನಾಝಲ್ ಕಟ್ಟುವುದಿಲ್ಲ. ಎಲ್ಲಾದರೂ ಚಕ್ಕೆ ಎದ್ದರೆ ಅಂಚನ್ನು ಎಮರಿಯಲ್ಲಿ ಉಜ್ಜಿ, ಮುಚ್ಚಳದೊಳಗೆ ಸ್ವಲ್ಪ ಸ್ಪ್ರೇ ಮಾಡಿಕೊಂಡು ಸಣ್ಣ ಬ್ರಷ್‌ನಿಂದ ಮುಟ್ಟಿಸಿ.