ಕ್ರಿಸ್‌ಮಸ್ ರಜೆಯಲ್ಲಿ ಆಸ್ಪತ್ರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕೇರಳದ ಕ್ರಮದಂತೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗೂ ಡಿಸೆಂಬರ್ ಕೊನೆಯಲ್ಲಿ ಸುಮಾರು ಹತ್ತು ದಿನಗಳ ರಜೆ ಇರುತ್ತದೆ. ಊರೆಲ್ಲ ನೆಂಟರ ಮನೆಗೆ ಹೊರಡುವ ಈ ದಿನಗಳಲ್ಲಿ ಆಸ್ಪತ್ರೆಯಲ್ಲಿ ಮಲಗಿರುವವರ ಮತ್ತು ಅಲ್ಲಿ ದುಡಿಯುವವರ ಮನೆಗಳಿಂದ ಬಂದ ಪತ್ರಗಳಿಗೆ ಈ ಸಲದ ಅಂಕಣವನ್ನು ಮೀಸಲಿಟ್ಟಿದ್ದೇನೆ. ಹಲವು ವರ್ಷ ವಾರ್ಡುಗಳಲ್ಲಿ ನರ್ಸ್ ಆಗಿ ದುಡಿದವಳಾದ್ದರಿಂದ ಈ ವಿಷಯ ನನ್ನ ಮನಸ್ಸಿಗೆ ಬಹಳ ಹತ್ತಿರದ್ದು.

ಪ್ರಶ್ನೆ: ನನ್ನ ತಂದೆಗೆ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಡಿಸೆಂಬರ್ 22ರಂದು ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ರಜೆಯಲ್ಲಿ ದೊಡ್ಡ ಡಾಕ್ಟರರು ಇರುವುದಿಲ್ಲ, ಜನವರಿಗೆ ಮುಂದೂಡೋಣ ಎಂದು ಮನೆಯ ಹಿರಿಯರು ಹೇಳುತ್ತಾರೆ. ಮಾಡಿಸಿದರೂ ಹಬ್ಬಕ್ಕೆ ಮೊದಲೇ ಮನೆಗೆ ಕರೆತರಬೇಕು ಎಂಬುದು ಅಣ್ಣನ ಹಠ. ಏನು ಮಾಡಲಿ?
— ಮುಳ್ಳೇರಿಯದ ಓದುಗರು

ಉತ್ತರ: ಶಸ್ತ್ರಚಿಕಿತ್ಸೆಯ ದಿನವನ್ನು ಕ್ಯಾಲೆಂಡರ್ ನೋಡಿ ಬದಲಾಯಿಸುವ ಮೊದಲು ಕಾಯಿಲೆ ಎಷ್ಟು ಕಾಯಬಲ್ಲದು ಎಂದು ವೈದ್ಯರನ್ನೇ ಕೇಳಬೇಕು. ಬಿದ್ದು ಸೊಂಟದ ಮೂಳೆ ಮುರಿದ ವೃದ್ಧರಿಗೆ ಒಂದೆರಡು ದಿನಗಳೊಳಗೆ ಶಸ್ತ್ರಚಿಕಿತ್ಸೆ ಆಗಲೇಬೇಕು. ಅಲ್ಲಿ ಹಬ್ಬದ ಮಾತೇ ಬರುವಂತಿಲ್ಲ. ಪ್ರಾಸ್ಟೇಟ್ ವಿಷಯ ಹಾಗಲ್ಲ. ಮೂತ್ರ ಕಟ್ಟಿ ಕ್ಯಾಥೆಟರ್ (ಮೂತ್ರದ ನಳಿಕೆ) ಹಾಕಿಸಿಕೊಂಡಿರುವವರು, ಸೋಂಕು ಮರುಕಳಿಸುತ್ತಿರುವವರು, ಕಿಡ್ನಿಯ ಮೇಲೆ ಪರಿಣಾಮವಾಗಿರುವವರು ಕಾಯಬಾರದು. ಅಂಥ ತೊಂದರೆಯಿಲ್ಲದೆ ಮಾತ್ರೆಯಲ್ಲಿ ದಿನ ತಳ್ಳುತ್ತಿರುವವರಿಗೆ ಎರಡು ವಾರ ತಡವಾದರೆ ಸಾಮಾನ್ಯವಾಗಿ ಅಪಾಯವಿಲ್ಲ.

ಹಿರಿಯರ ಭಯದಲ್ಲಿ ಅರ್ಧ ಸತ್ಯವಿದೆ. ರಜಾದಿನ ಆಸ್ಪತ್ರೆ ಮುಚ್ಚುವುದಿಲ್ಲ, ಆದರೆ ತೆಳುವಾಗುತ್ತದೆ. ಕ್ಯಾಶುವಾಲಿಟಿ (ತುರ್ತು ಚಿಕಿತ್ಸಾ ವಿಭಾಗ), ಐ.ಸಿ.ಯು., ಹೆರಿಗೆ ಕೋಣೆ, ತುರ್ತು ರಕ್ತಪರೀಕ್ಷೆ, ವಾರ್ಡಿನ ಔಷಧಿ ಇವು 25ರಂದೂ ಎಂದಿನಂತೆ ನಡೆಯುತ್ತವೆ. ಹೊರರೋಗಿ ವಿಭಾಗ ಇರುವುದಿಲ್ಲ, ಫಿಸಿಯೋಥೆರಪಿಯವರು ರಜೆಯಲ್ಲಿರಬಹುದು, ಬಯಾಪ್ಸಿ ವರದಿ ತಡವಾಗಬಹುದು, ವಿಮೆಯ ಅನುಮತಿ ಬರುವುದು ನಿಧಾನವಾಗಬಹುದು. ಮುಖ್ಯ ಸರ್ಜನ್ ಊರಿನಲ್ಲಿ ಇಲ್ಲದಿದ್ದರೆ ಅವರ ಬದಲಿಗೆ ಯಾರು ನೋಡುತ್ತಾರೆ ಎಂದು ಮೊದಲೇ ಹೆಸರು ಹಿಡಿದು ಕೇಳಿರಿ. ಹಾಗೆ ಕೇಳುವುದರಿಂದ ಯಾವ ವೈದ್ಯರಿಗೂ ಬೇಸರವಾಗುವುದಿಲ್ಲ. ನನ್ನ ಅನುಭವದಲ್ಲಿ ಒಳ್ಳೆಯ ವೈದ್ಯರು ತಾವಾಗಿಯೇ ಹೇಳಿಬಿಡುತ್ತಾರೆ.

ನನಗೆ ಹೆಚ್ಚು ಚಿಂತೆಯಾಗುವುದು ನಿಮ್ಮ ಅಣ್ಣನ ಹಠದ ಬಗ್ಗೆ. ಹಬ್ಬದ ಮುನ್ನಾದಿನ ವಾರ್ಡು ಖಾಲಿಯಾಗುವುದನ್ನು ಪ್ರತಿ ವರ್ಷ ನೋಡಿದ್ದೇನೆ. ರೋಗಿಗೂ ಮನೆ ಬೇಕು, ಮನೆಯವರಿಗೂ ಅವಸರ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಡಿಸೆಂಬರ್ ರಜೆಯ ಎರಡು ವಾರಗಳಲ್ಲಿ ಆಸ್ಪತ್ರೆಯಿಂದ ಮನೆಗೆ ಹೋದ ಎರಡು ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಉಳಿದ ದಿನಗಳಲ್ಲಿ ಮನೆಗೆ ಹೋದವರಲ್ಲಿ ಒಂದು ವಾರದೊಳಗೆ ವೈದ್ಯರನ್ನು ಮತ್ತೆ ಕಂಡವರು ನೂರಕ್ಕೆ ಸುಮಾರು 48 ಮಂದಿ. ರಜೆಯಲ್ಲಿ ಹೋದವರಲ್ಲಿ ಸುಮಾರು 36 ಮಂದಿ ಮಾತ್ರ. ತಿಂಗಳೊಳಗೆ ಮತ್ತೆ ಆಸ್ಪತ್ರೆ ಸೇರಿದವರ ಅಥವಾ ತೀರಿಕೊಂಡವರ ಪ್ರಮಾಣವೂ ಸ್ವಲ್ಪ ಹೆಚ್ಚಿತ್ತು. ವ್ಯತ್ಯಾಸ ದೊಡ್ಡದಲ್ಲ, ಆದರೆ ಬೇಗ ಮನೆ ಸೇರಿದೆವು ಎಂಬ ಸಮಾಧಾನದಲ್ಲಿ ಮುಂದಿನ ಭೇಟಿ ತಪ್ಪಿಹೋಗುವುದು ನಮ್ಮಲ್ಲಿಯೂ ನಡೆಯುವಂಥದ್ದೇ.

ವೈದ್ಯರೇ ಹೋಗಬಹುದೆಂದು ಹೇಳಿದರೆ ಸಂತೋಷದಿಂದ ಕರೆತನ್ನಿರಿ. ಹೊರಡುವ ಮೊದಲು ಡಿಸ್ಚಾರ್ಜ್ ಕಾರ್ಡನ್ನು ನರ್ಸ್ ಎದುರಿನಲ್ಲೇ ಓದಿಕೊಳ್ಳಿರಿ, ಮುಂದಿನ ಭೇಟಿಯ ದಿನ ರಜೆಯೊಳಗೆ ಬೀಳುತ್ತದೆಯೇ ನೋಡಿರಿ, ಕನಿಷ್ಠ ಒಂದು ವಾರದ ಮಾತ್ರೆಯನ್ನು ಅಲ್ಲಿಯೇ ಕೊಂಡುಕೊಳ್ಳಿರಿ. ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ಬಳಿಕ ಕೆಲವು ದಿನ ಮೂತ್ರ ನಸುಗೆಂಪಾಗಿರುವುದು ಸಹಜ. ಗಡ್ಡೆಗಟ್ಟಿದ ರಕ್ತ ಬಂದರೆ, ಮೂತ್ರ ನಿಂತುಹೋದರೆ, ಚಳಿ ಜ್ವರ ಬಂದರೆ, ಮಂಗಳೂರಿಗೇ ಹೋಗಬೇಕೆಂದು ಬೆಳಗಿನವರೆಗೆ ಕಾಯದೆ ಹತ್ತಿರದ ಕ್ಯಾಶುವಾಲಿಟಿಗೆ ಒಯ್ಯಬೇಕು. ಆ ಹೊತ್ತಿನಲ್ಲಿ ಬೇಕಾಗುವುದು ಅದೇ ಡಿಸ್ಚಾರ್ಜ್ ಕಾರ್ಡು. ಅದನ್ನು ಗೋಡ್ರೇಜಿನಲ್ಲಿಟ್ಟು ಬೀಗ ಹಾಕಬೇಡಿರಿ. ಆಂಬುಲೆನ್ಸಿಗೆ 108, ಕೇರಳದ ‘ದಿಶಾ’ ಆರೋಗ್ಯ ಸಹಾಯವಾಣಿಗೆ 1056, ಎರಡೂ ಹಗಲಿರುಳು ಸಿಗುತ್ತವೆ.

ನಿಮ್ಮ ತಂದೆಗೆ ತುಳು, ಕನ್ನಡ ಬಿಟ್ಟು ಬೇರೆ ಭಾಷೆ ಬಾರದು ಎಂದೂ ಬರೆದಿದ್ದೀರಿ. ರಾತ್ರಿಪಾಳಿಯ ನರ್ಸ್ ಇಡುಕ್ಕಿಯವರೋ ಕೋಟಯಂನವರೋ ಆಗಿದ್ದರೆ ನೋವು ಎಲ್ಲಿ ಎಂದು ತಿಳಿಯುವುದಕ್ಕೇ ಸಮಯ ಹಿಡಿಯುತ್ತದೆ. ಶಸ್ತ್ರಚಿಕಿತ್ಸೆಯಾದ ಮೊದಲ ಎರಡು ರಾತ್ರಿ ಮಲಯಾಳವನ್ನೂ ಬಲ್ಲವರೊಬ್ಬರು ಜೊತೆಗಿರಲಿ. ಈಗ ಸೇವಿಸುತ್ತಿರುವ ಮಾತ್ರೆಗಳು, ಆಗದ ಔಷಧಿಗಳು, ಸಕ್ಕರೆ ಮತ್ತು ರಕ್ತದೊತ್ತಡದ ವಿವರ ಒಂದು ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದು ಫೈಲಿನ ಮೇಲೆಯೇ ಇಡಿರಿ.

ಪ್ರಶ್ನೆ: ನಾವು ಬೇಳ ಇಗರ್ಜಿಗೆ ಸೇರಿದವರು. ಮಗಳು ಈ ವರ್ಷ ನರ್ಸಿಂಗ್ ಮುಗಿಸಿ ಕಾಸರಗೋಡು ಪೇಟೆಯ ಖಾಸಗಿ ಆಸ್ಪತ್ರೆಗೆ ಸೇರಿದ್ದಾಳೆ. ಅವಳಿಗೆ 24ರ ರಾತ್ರಿಯೇ ಡ್ಯೂಟಿ ಹಾಕಿದ್ದಾರೆ. ಹೊಸಬಳೆಂದು ಹೀಗೆ ಮಾಡಿದರೇ? ನಾನೇ ಹೋಗಿ ಮಾತನಾಡಲೇ? ಹುಟ್ಟಿದಂದಿನಿಂದ ಅವಳು ನಮ್ಮೊಂದಿಗಿಲ್ಲದ ಮೊದಲ ಕ್ರಿಸ್‌ಮಸ್ ಇದು. ಅವಳ ಸುರಕ್ಷೆಯ ಚಿಂತೆಯೂ ಇದೆ.
— ಒಬ್ಬ ತಾಯಿ, ಬೇಳ

ಉತ್ತರ: ಅಮ್ಮ, ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ದಯವಿಟ್ಟು ನೀವು ಹೋಗಿ ಮಾತನಾಡಬೇಡಿರಿ. ಕೇಳುವುದಿದ್ದರೆ ಮಗಳೇ ವಾರ್ಡಿನ ಇನ್‌ಚಾರ್ಜ್ ಸಿಸ್ಟರರನ್ನು ಕೇಳಲಿ, ಪಾಳಿ ಬದಲಿಸಿಕೊಳ್ಳಲು ಒಪ್ಪುವ ಸಹೋದ್ಯೋಗಿಯ ಹೆಸರನ್ನೂ ಜೊತೆಗೇ ಹೇಳಲಿ, ಒಪ್ಪಿಗೆ ರಿಜಿಸ್ಟರಿನಲ್ಲಿ ಬರಹದಲ್ಲಿರಲಿ.

ಡ್ಯೂಟಿ ಪಟ್ಟಿ ಮಾಡುವವರ ಕಷ್ಟವನ್ನೂ ಹೇಳಬೇಕು. ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನದಂಡದಂತೆ ಸಾಮಾನ್ಯ ವಾರ್ಡಿನಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು, ರಜೆ ತುಂಬುವುದಕ್ಕೆಂದು ಶೇ 30ರಷ್ಟು ಮಂದಿ ಹೆಚ್ಚುವರಿಯಾಗಿ ಇರಬೇಕು. ಈ ಹೆಚ್ಚುವರಿ ಮಂದಿ ಇಲ್ಲದ ಕಡೆಗಳಲ್ಲಿ ಒಬ್ಬರ ಹಬ್ಬ ಇನ್ನೊಬ್ಬರ ದುಡಿಮೆಯಿಂದಲೇ ಬರಬೇಕಾಗುತ್ತದೆ. ಡಿಸೆಂಬರ್ ಕೊನೆಯ ವಾರ ಶಬರಿಮಲೆಯ ಮಂಡಲಪೂಜೆಯ ವಾರವೂ ಆಗಿರುವುದರಿಂದ ಮಾಲೆ ಹಾಕಿದ ಅಟೆಂಡರರು, ಬ್ರದರ್‌ಗಳು (ಗಂಡು ನರ್ಸ್‌ಗಳು) ಯಾತ್ರೆಗೆ ಹೊರಟಿರುತ್ತಾರೆ. ದೂರದ ಜಿಲ್ಲೆಗಳ ಕ್ರೈಸ್ತ ನರ್ಸ್‌ಗಳು ರೈಲು ಹತ್ತಿ ಹೋಗಿರುತ್ತಾರೆ. ಹತ್ತಿರದ ಊರಿನವಳಾದ ನಿಮ್ಮ ಮಗಳು 25ರ ಮಧ್ಯಾಹ್ನಕ್ಕಾದರೂ ಮನೆ ಸೇರಬಲ್ಲಳು ಎಂದು ಯೋಚಿಸಿರಲೂ ಸಾಕು. ಪ್ರತಿ ಹಬ್ಬವೂ ಹೊಸಬರ ತಲೆಗೇ ಬೀಳುತ್ತಿದ್ದರೆ ಅದು ಅನ್ಯಾಯ, ಆಗ ಅವಳು ಗಟ್ಟಿಯಾಗಿ ಕೇಳಲೇಬೇಕು. ಒಂದು ಪಾಳಿಯಿಂದ ಆ ತೀರ್ಮಾನಕ್ಕೆ ಬರುವುದು ಬೇಡ.

ನಮ್ಮ ಕಾಸರಗೋಡಿನ ಆಸ್ಪತ್ರೆಗಳಲ್ಲಿ ನಾನು ಕಂಡ ಅತ್ಯಂತ ಒಳ್ಳೆಯ ಸಂಗತಿಯೆಂದರೆ ಈ ಅದಲುಬದಲು. ಉಪ್ಪಳದ ಬ್ಯಾರಿ ಹುಡುಗಿ ಕ್ರಿಸ್‌ಮಸ್ ರಾತ್ರಿ ತಾನು ಮಾಡುತ್ತೇನೆ ಎನ್ನುತ್ತಾಳೆ. ಪೆರುನ್ನಾಳಿನ (ಈದ್ ಹಬ್ಬದ) ದಿನ ಅವಳ ಜಾಗದಲ್ಲಿ ಕ್ರೈಸ್ತ ಗೆಳತಿ ನಿಲ್ಲುತ್ತಾಳೆ. ಓಣಂ, ಅಷ್ಟಮಿ, ದೀಪಾವಳಿಗೆ ಇಬ್ಬರೂ ಸೇರಿ ಹಿಂದೂ ಸಹೋದ್ಯೋಗಿಗಳನ್ನು ಮನೆಗೆ ಕಳುಹಿಸುತ್ತಾರೆ. ಇದು ಯಾರೂ ಹೇಳಿಕೊಟ್ಟದ್ದಲ್ಲ, ಯಾವ ಸುತ್ತೋಲೆಯಲ್ಲೂ ಇಲ್ಲ.

ಆ ರಾತ್ರಿ ಅವಳು ಏನು ಮಾಡುತ್ತಿರುತ್ತಾಳೆ ಎಂದು ನಿಮಗೆ ತಿಳಿದರೆ ಮನಸ್ಸು ಸ್ವಲ್ಪ ಹಗುರವಾದೀತು. ಸಂಜೆಪಾಳಿಯವರು ಮತ್ತು ರಾತ್ರಿಯವರು ಒಟ್ಟಾಗಿ ಹಾಸಿಗೆಯಿಂದ ಹಾಸಿಗೆಗೆ ನಡೆದು ಜವಾಬ್ದಾರಿ ಒಪ್ಪಿಸಿಕೊಳ್ಳುತ್ತಾರೆ: ಡ್ರಿಪ್‌ನಲ್ಲಿ ಇನ್ನೆಷ್ಟು ಉಳಿದಿದೆ, ಮೂತ್ರದ ಚೀಲದಲ್ಲಿ ಎಷ್ಟಾಗಿದೆ, ಯಾರಿಗೆ ಹತ್ತು ಗಂಟೆಯ ಇಂಜೆಕ್ಷನ್, ಯಾರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಯಾರು ಊಟ ಬೇಡವೆಂದರು. ನಾನು ದುಡಿದ ವಾರ್ಡೊಂದರಲ್ಲಿ ಇಂಜೆಕ್ಷನ್ ಬಾಟಲಿಗಳ ಕೆಂಪು, ನೀಲಿ, ಹಸಿರು ಮುಚ್ಚಳಗಳನ್ನು ವಾರಗಟ್ಟಲೆ ಕೂಡಿಟ್ಟು, ತೊಳೆದು ಪೋಣಿಸಿ, ನರ್ಸಿಂಗ್ ಸ್ಟೇಷನ್ನಿನ ಗೋದಲಿಗೆ (ಯೇಸುವಿನ ಜನನದ ದೃಶ್ಯಕ್ಕೆ) ಮಾಲೆ ಹಾಕುತ್ತಿದ್ದರು. ಮಧ್ಯರಾತ್ರಿಯ ಬಳಿಕ ನಿದ್ರೆ ಬಾರದ ಅಜ್ಜಿಯರು ಅದನ್ನು ನೋಡಬೇಕೆಂದರೆ ಗಾಲಿಕುರ್ಚಿಯಲ್ಲಿ ಕೂರಿಸಿ ತರುತ್ತಿದ್ದರು.

ಕೆಲಸ ಹಗುರವಿರುವುದಿಲ್ಲ. ಸ್ವೀಡನ್ನಿನಲ್ಲಿ 1998ರಿಂದ 2013ರವರೆಗಿನ ಹೃದಯಾಘಾತಗಳ ದಾಖಲೆಗಳನ್ನು ನೋಡಿದವರು ಕ್ರಿಸ್‌ಮಸ್ ಮುನ್ನಾದಿನ ಅಪಾಯ ಸುಮಾರು ಶೇ 37 ಹೆಚ್ಚೆಂದೂ, ರಾತ್ರಿ ಹತ್ತರ ಸುಮಾರಿಗೆ ಅದು ಅತಿ ಹೆಚ್ಚೆಂದೂ, ವೃದ್ಧರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ವಿಶೇಷವಾಗಿ ಕಾಣುತ್ತದೆಂದೂ ವರದಿ ಮಾಡಿದ್ದಾರೆ. ಅಲ್ಲಿನ ಚಳಿ ನಮ್ಮಲ್ಲಿಲ್ಲ, ಆದರೆ ಹೊಟ್ಟೆ ಬಿರಿಯುವ ಊಟ, ಮದ್ಯ, ನಿದ್ರೆಗೇಡು, ತಪ್ಪಿದ ಮಾತ್ರೆ ಇವು ಇಲ್ಲಿಯೂ ಇವೆ. ಮದ್ಯ ಹೆಚ್ಚಾಗಿ ಹೃದಯದ ಬಡಿತ ತಪ್ಪಿ ಬರುವ ಸ್ಥಿತಿಗೆ ವೈದ್ಯರು ‘ಹಾಲಿಡೇ ಹಾರ್ಟ್’ ಎಂದು ಹೆಸರಿಟ್ಟದ್ದು 1978ರಷ್ಟು ಹಿಂದೆ.

ಸುರಕ್ಷೆಯ ಬಗ್ಗೆ ನಿಮ್ಮ ಚಿಂತೆ ನ್ಯಾಯವಾದದ್ದು. 2023ರ ಮೇ ತಿಂಗಳಲ್ಲಿ ಕೊಟ್ಟಾರಕ್ಕರ ತಾಲೂಕು ಆಸ್ಪತ್ರೆಯಲ್ಲಿ ಕರ್ತವ್ಯದಲ್ಲಿದ್ದ ಯುವ ವೈದ್ಯೆಯೊಬ್ಬರು ಕೊಲೆಯಾದ ಬಳಿಕ ಕೇರಳ ಸರ್ಕಾರ 2012ರ ಆಸ್ಪತ್ರೆ ರಕ್ಷಣಾ ಕಾನೂನನ್ನು ಬಿಗಿಗೊಳಿಸಿತು. ಸಿಬ್ಬಂದಿಗೆ ತೀವ್ರ ಗಾಯ ಮಾಡಿದವರಿಗೆ 7 ವರ್ಷದವರೆಗೆ ಸೆರೆವಾಸವಿದೆ, ಬೈಗುಳವೂ ಅಪರಾಧವೇ. ಯಾರಾದರೂ ಮೈಮೇಲೆ ಬಂದರೆ ಸಹಿಸಿಕೊಂಡು ಸುಮ್ಮನಿರಬೇಡ, ಕೂಡಲೇ ಡ್ಯೂಟಿ ಡಾಕ್ಟರರಿಗೂ ಭದ್ರತೆಯವರಿಗೂ ಹೇಳು ಎಂದು ಮಗಳಿಗೆ ತಿಳಿಸಿರಿ.

ಇನ್ನೊಂದು ಮಾತನ್ನು ತಾಯಿಯಾಗಿ ನೀವು ನಡೆಸಿಕೊಡಬೇಕು. ಇಡೀ ರಾತ್ರಿ ಎಚ್ಚರವಿದ್ದವಳು ಬೆಳಗ್ಗೆ ಬಲಿಪೂಜೆಗೆ ಮುಟ್ಟಬೇಕೆಂದು ಸ್ಕೂಟರ್ ಹತ್ತಿ ಹೆದ್ದಾರಿಯಲ್ಲಿ ಬರಬಾರದು. ಯಾರಾದರೂ ಹೋಗಿ ಕರೆತರಲಿ, ಇಲ್ಲವೆ ಹಾಸ್ಟೆಲಿನಲ್ಲಿ ಮಲಗಿ ಎದ್ದು ಬರಲಿ. ಹಬ್ಬದ ಊಟವನ್ನು ಸಂಜೆಗೆ ಇಟ್ಟುಕೊಳ್ಳಿರಿ. 24ರಂದೇ ಕುಸ್ವಾರಿನ (ಕ್ರಿಸ್‌ಮಸ್ ತಿಂಡಿಗಳ) ಡಬ್ಬಿಯೊಂದನ್ನು ಅವಳ ಕೈಗೆ ಕೊಟ್ಟು ಕಳುಹಿಸಿರಿ, ಪಾಳಿಯಲ್ಲಿರುವ ಎಲ್ಲರಿಗೂ ಸಾಕಾಗುವಷ್ಟು.

ಪ್ರಶ್ನೆ: ನನ್ನ ಗಂಡನಿಗೆ ವಾರಕ್ಕೆ ಮೂರು ಡಯಾಲಿಸಿಸ್. ಹಬ್ಬದ ದಿನ ಬಂದರೆ ಒಂದು ಸಲ ಬಿಟ್ಟರೆ ಆಗದೇ?
— ಪೆರ್ಲದ ಓದುಗರು

ಉತ್ತರ: ಬಿಡಲೇಬಾರದು. ವಾರದ ಕೊನೆಗೆ ಬರುವ ಎರಡು ದಿನಗಳ ಸಾಮಾನ್ಯ ಅಂತರದ ಬಳಿಕವೇ ಸಾವು ಮತ್ತು ಹೃದಯದ ತೊಂದರೆಗಳು ಹೆಚ್ಚುತ್ತವೆ ಎಂದು ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿದೆ. ಕಿಡ್ನಿ ಕೆಲಸ ಮಾಡದವರಲ್ಲಿ ನೀರು ಮತ್ತು ಪೊಟ್ಯಾಸಿಯಂ ದೇಹದಲ್ಲಿ ಕೂಡುತ್ತಲೇ ಹೋಗುತ್ತವೆ, ಪೊಟ್ಯಾಸಿಯಂ ಮಿತಿಮೀರಿದರೆ ಹೃದಯ ಇದ್ದಕ್ಕಿದ್ದಂತೆ ನಿಲ್ಲಬಹುದು. ಹೆಚ್ಚಿನ ಡಯಾಲಿಸಿಸ್ ಕೇಂದ್ರಗಳು 25ರಂದು ಕೆಲಸ ಮಾಡುತ್ತವೆ ಅಥವಾ ಸರದಿಯನ್ನು ಹಿಂದು ಮುಂದು ಮಾಡಿಕೊಡುತ್ತವೆ. ಒಂದು ವಾರ ಮೊದಲೇ ಟೆಕ್ನಿಷಿಯನ್ನರನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ಹಬ್ಬದ ದಿನ ಅವರು ಬೇಗ ಮುಗಿಸಿ ಹೋಗಲಿ ಎಂದು ನಾಲ್ಕು ಗಂಟೆಯ ಡಯಾಲಿಸಿಸ್ ಅವಧಿಯನ್ನು ಮೂರಕ್ಕೆ ಇಳಿಸಲು ಕೇಳಬೇಡಿರಿ. ಒಣದ್ರಾಕ್ಷಿ, ಖರ್ಜೂರ ತುಂಬಿದ ಕೇಕ್, ಬಾಳೆಹಣ್ಣು, ಎಳನೀರು ಈ ವಾರ ಬೇಡ. ನಮ್ಮ ಹಿತ್ತಿಲುಗಳಲ್ಲಿ ಬೆಳೆಯುವ ದಾರೆಹುಳಿಯನ್ನಂತೂ (ಸ್ಟಾರ್ ಫ್ರೂಟ್) ಯಾವ ವಾರವೂ ಕೊಡಬೇಡಿರಿ. ಕಿಡ್ನಿ ರೋಗಿಗಳಲ್ಲಿ ಅದು ನಿಲ್ಲದ ಬಿಕ್ಕಳಿಕೆ, ಗೊಂದಲ, ಅಪಸ್ಮಾರಕ್ಕೂ ಪ್ರಾಣಾಪಾಯಕ್ಕೂ ಕಾರಣವಾಗುತ್ತದೆ.

ಪ್ರಶ್ನೆ: ನಮ್ಮ ಯುವಕರ ಬಳಗ 25ರಂದು ಆಸ್ಪತ್ರೆಗೆ ಹೋಗಿ ಕ್ಯಾರೊಲ್ ಹಾಡಿ ರೋಗಿಗಳಿಗೆ ಸಿಹಿ ಹಂಚಬೇಕೆಂದಿದೆ. ಇದು ಸರಿಯೇ?
— ಮಂಜೇಶ್ವರದ ಓದುಗರು

ಉತ್ತರ: ಒಳ್ಳೆಯ ಮನಸ್ಸು. ಆದರೆ ಮೂವತ್ತು ಮಂದಿ ಗಿಟಾರ್ ಹಿಡಿದು ವಾರ್ಡಿಗೆ ನುಗ್ಗಿದರೆ ಸಿಬ್ಬಂದಿಗೆ ಮಾಡುವ ಕೆಲಸ ಬಿಟ್ಟು ನಿಮ್ಮನ್ನು ನೋಡಿಕೊಳ್ಳುವುದೇ ಕೆಲಸವಾಗುತ್ತದೆ. ಸೂಪರಿಂಟೆಂಡೆಂಟರ ಅನುಮತಿ ಪಡೆದು, ನಾಲ್ಕೈದು ಮಂದಿ, ಭೇಟಿಯ ಸಮಯದಲ್ಲಿ, ಹೊರಗಿನ ಮೊಗಸಾಲೆಯಲ್ಲಿ ಎರಡು ಹಾಡು ಹಾಡಿ. ಶೀತ, ಕೆಮ್ಮು ಇರುವವರು ಬರಬಾರದು. ಸಿಹಿಯನ್ನು ನೇರವಾಗಿ ರೋಗಿಯ ಕೈಗೆ ಕೊಡಬೇಡಿರಿ. ಸಕ್ಕರೆ ಕಾಯಿಲೆಯವರು, ಶಸ್ತ್ರಚಿಕಿತ್ಸೆಗೆ ಉಪವಾಸ ಇರುವವರು ಯಾರೆಂದು ನರ್ಸ್‌ಗೆ ಮಾತ್ರ ಗೊತ್ತು.

ನನ್ನನ್ನು ಕೇಳಿದರೆ ಅದಕ್ಕಿಂತ ಹೆಚ್ಚು ಬೇಕಾಗುವುದು ಬಿಸಿ ಊಟ. ಆ ದಿನ ಕ್ಯಾಂಟೀನು, ಸುತ್ತಲಿನ ಹೋಟೆಲುಗಳು ಮುಚ್ಚಿದ್ದರೆ ರಾತ್ರಿಪಾಳಿಯ ನರ್ಸ್‌ಗಳು, ಸ್ವಚ್ಛತೆಯ ಅಕ್ಕಂದಿರು, ಲಿಫ್ಟಿನವರು, ಆಂಬುಲೆನ್ಸ್ ಚಾಲಕರು, ರೋಗಿಯ ಜೊತೆಗಿರುವವರು ಬಿಸ್ಕೆಟಿನಲ್ಲೇ ರಾತ್ರಿ ಕಳೆಯುತ್ತಾರೆ. ಎಷ್ಟು ಜನರಿದ್ದಾರೆಂದು ಹಿಂದಿನ ದಿನ ಕೇಳಿಕೊಂಡು, ರಾತ್ರಿ ಎಂಟೂವರೆಯೊಳಗೆ ಪೊಟ್ಟಣಗಳನ್ನು ತಲುಪಿಸಿರಿ. ಕೇಕಿನ ಪೆಟ್ಟಿಗೆ ವೈದ್ಯರ ಕೋಣೆಯಲ್ಲೇ ಉಳಿಯದಂತೆಯೂ ನೋಡಿಕೊಳ್ಳಿರಿ.

ಬಳಗದಲ್ಲಿ ಆರೋಗ್ಯವಂತ ಯುವಕರಿದ್ದರೆ ರಕ್ತದಾನದ ಪಟ್ಟಿಯೊಂದನ್ನು ಮಾಡಿ. ರಜೆಯಲ್ಲಿ ಕಾಲೇಜುಗಳು ಮುಚ್ಚಿ ಶಿಬಿರಗಳು ನಿಲ್ಲುವುದರಿಂದ ದಾನಿಗಳು ಕಡಿಮೆಯಾಗುತ್ತಾರೆ, ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳನ್ನಂತೂ ಐದು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಲು ಸಾಧ್ಯವಿಲ್ಲ. ಎಲ್ಲರೂ ಒಂದೇ ದಿನ ಹೋಗಿ ಕೊಡುವ ಬದಲು, ಹೆಸರು, ರಕ್ತದ ಗುಂಪು, ಹಿಂದೆ ಕೊಟ್ಟ ದಿನಾಂಕ ಬರೆದ ಪಟ್ಟಿಯನ್ನು ಬ್ಲಡ್ ಬ್ಯಾಂಕಿಗೆ ಈಗಲೇ ಒಪ್ಪಿಸಿ, 24ರಿಂದ ಜನವರಿ 2ರವರೆಗೆ ಕರೆದಾಗ ಬರುವಂತೆ ಸಿದ್ಧರಿರಿ. ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನಗಳ ಅಂತರ ಆಗಿರಬೇಕು, ತೂಕ 45 ಕಿಲೋಗಿಂತ ಕಡಿಮೆ ಇರಬಾರದು, ಹಿಂದಿನ ರಾತ್ರಿ ಮದ್ಯ ಕುಡಿದಿರಬಾರದು.