ಕ್ಯಾಶುವಲ್ ಪಂದ್ಯದಲ್ಲಿ ಗೆಲ್ಲುವ ಹಟ ಬಿಡಿ

ಪ್ರಶ್ನೆ: ಒಂದು ವರ್ಷದಿಂದ ಸ್ಟ್ರೀಟ್ ಫೈಟರ್ 6 ಎಂಬ ಕಾದಾಟದ ವಿಡಿಯೊ ಗೇಮ್‌ನಲ್ಲಿ ರಿಯು ಪಾತ್ರವನ್ನೇ ಆಡುತ್ತಿದ್ದೇನೆ. ದಿನಕ್ಕೆ ಮೂವತ್ತು ಕ್ಯಾಶುವಲ್ ಪಂದ್ಯಗಳಾದರೂ ಆಗುತ್ತವೆ, ಅರ್ಧಕ್ಕಿಂತ ಹೆಚ್ಚು ಗೆಲ್ಲುತ್ತೇನೆ. ಆದರೂ ರ‍್ಯಾಂಕ್ ಪ್ಲಾಟಿನಂ ಎಂಬ ನಡುವಿನ ದರ್ಜೆ ದಾಟುತ್ತಿಲ್ಲ. ಇನ್ನೂ ಹೆಚ್ಚು ಆಡಬೇಕೇ?

ಉತ್ತರ: ಬೇಡ, ಕಡಿಮೆ ಆಡಿ. ಈ ಪ್ರಶ್ನೆಗೆ ಉತ್ತರ ಬರೆದು ಬರೆದು ನನಗೆ ಸಾಕಾಗಿದೆ. ಆದರೂ ಪ್ರತಿ ಬಾರಿ ಹೊಸಬರೊಬ್ಬರು ಇದೇ ಹಳ್ಳಕ್ಕೆ ಬೀಳುವುದನ್ನು ನೋಡಿ ಸುಮ್ಮನಿರಲಾಗುವುದಿಲ್ಲ.

‘ಅರ್ಧಕ್ಕಿಂತ ಹೆಚ್ಚು ಗೆಲ್ಲುತ್ತೇನೆ’ ಎಂದು ಬರೆದಿದ್ದೀರಿ. ತೊಂದರೆ ಇರುವುದೇ ಅಲ್ಲಿ. ಅಂಕವೂ ಇಲ್ಲ, ರ‍್ಯಾಂಕೂ ಇಲ್ಲ, ಸೋತರೆ ಕಳೆದುಕೊಳ್ಳುವುದು ಏನೂ ಇಲ್ಲ. ಅಂಥ ಪಂದ್ಯದಲ್ಲೂ ನೀವು ಗೆಲ್ಲಲು ಆಡುತ್ತೀರಿ. ಗೆಲ್ಲಲು ಹೊರಟ ಕೈ ಈಗಾಗಲೇ ಬರುವ ಪಟ್ಟುಗಳನ್ನೇ ಹಾಕುತ್ತದೆ. ಬಾರದ ಪಟ್ಟು ಬಾರದೆಯೇ ಉಳಿಯುತ್ತದೆ. ಗರಡಿಯಲ್ಲಿ ಜೊತೆಗಾರನೊಡನೆ ಮಟ್ಟಿಗಿಳಿದವನು ಹೊಸ ಪಟ್ಟು ಕೂರುವವರೆಗೆ ಬೀಳುತ್ತಲೇ ಇರುತ್ತಾನೆ. ಆ ಬೀಳುವಿಕೆಯನ್ನು ಅಲ್ಲಿ ಯಾರೂ ಲೆಕ್ಕವಿಡುವುದಿಲ್ಲ.

ಒಂದು ಉದಾಹರಣೆ ಹಿಡಿದು ಹೇಳುತ್ತೇನೆ. ಎದುರಾಳಿಯ ಡ್ರೈವ್ ಇಂಪ್ಯಾಕ್ಟ್ ಎಂಬ ಭಾರೀ ಹೊಡೆತ ತಾಗಲು 26 ಫ್ರೇಮ್, ಅಂದರೆ ಪರದೆಯ ಮೇಲೆ 26 ಚಿತ್ರ ಬದಲಾಗುವಷ್ಟು ಹೊತ್ತು ಬೇಕು. ಸೆಕೆಂಡಿಗೆ 60 ಫ್ರೇಮ್ ಎಂದರೆ ಸುಮಾರು 0.43 ಸೆಕೆಂಡು. ಕಂಡ ಕೂಡಲೇ ನಿಮ್ಮ ಡ್ರೈವ್ ಇಂಪ್ಯಾಕ್ಟ್ ಒತ್ತಿದರೆ ಅವನೇ ಕುಸಿಯುತ್ತಾನೆ. ಟ್ರೈನಿಂಗ್ ಮೋಡ್‌ನಲ್ಲಿ ಬೊಂಬೆ ಎದುರಾಳಿ ಈ ಹೊಡೆತ ಹಾಕುವಾಗ ಇದನ್ನು ಹತ್ತಕ್ಕೆ ಒಂಬತ್ತು ಬಾರಿ ತಡೆಯುತ್ತೀರಿ, ಏಕೆಂದರೆ ಆಗ ಮನಸ್ಸು ಕಾಯುತ್ತಿರುವುದು ಅದೊಂದಕ್ಕೇ. ಪಂದ್ಯದಲ್ಲಿ ಹಾಗಲ್ಲ. ಅವನು ಜಿಗಿಯಬಹುದು, ಹತ್ತಿರ ಬಂದು ಹಿಡಿದೆಸೆಯುವ ಥ್ರೋ ಹಾಕಬಹುದು, ದೂರದಿಂದ ಚೆಂಡು ಎಸೆಯಬಹುದು. ಇವೆಲ್ಲಕ್ಕೂ ಏಕಕಾಲದಲ್ಲಿ ಕಾಯುವ ಮನಸ್ಸಿಗೆ ಆ 0.43 ಸೆಕೆಂಡು ಸಾಲುವುದಿಲ್ಲ. ನಿಮ್ಮ ಕೈ ನಿಧಾನವಲ್ಲ, ತಲೆಯ ಮೇಲಿನ ಹೊರೆ ದೊಡ್ಡದು. ಈ ಹೊರೆಯನ್ನು ಟ್ರೈನಿಂಗ್ ಮೋಡ್ ಕೊಡಲಾರದು. ರ‍್ಯಾಂಕ್ ಪಂದ್ಯ ಕೊಡುತ್ತದೆ, ಆದರೆ ಅಲ್ಲಿ ಸೋಲಿಗೆ ಬೆಲೆಯಿದೆ. ಕ್ಯಾಶುವಲ್ ಪಂದ್ಯ ಇರುವುದು ಈ ನಡುವಿನ ಜಾಗಕ್ಕೆ.

ಹಾಗಾಗಿ ಕುಳಿತುಕೊಳ್ಳುವ ಮೊದಲೇ ಒಂದು ಕೆಲಸ ಆರಿಸಿಕೊಳ್ಳಿ. ಎರಡಲ್ಲ, ಒಂದೇ. ‘ಇಂದು ತಲೆಯ ಮೇಲೆ ಜಿಗಿದು ಬರುವ ಯಾರನ್ನೂ ಹೊಡೆಯದೆ ಬಿಡುವುದಿಲ್ಲ’ ಎಂದುಕೊಂಡರೆ ಸಾಕು. ರಿಯುವಿಗೆ ಮೇಲಕ್ಕೆ ಚಿಮ್ಮಿ ಗುದ್ದುವ ಶೋರ್ಯುಕೆನ್ ಇದೆ, ಕುಳಿತು ಹೊಡೆಯುವ ಭಾರೀ ಗುದ್ದೂ ಇದೆ. ಪಕ್ಕದಲ್ಲಿ ಕಾಗದ ಇಟ್ಟುಕೊಂಡು ಎಷ್ಟು ಜಿಗಿತಕ್ಕೆ ಎಷ್ಟನ್ನು ಹೊಡೆದಿರಿ ಎಂದು ಬರೆಯಿರಿ. ಗೆದ್ದಿರೋ ಸೋತಿರೋ ಬರೆಯಬೇಡಿ. ಹತ್ತರಲ್ಲಿ ಎಂಟು ಜಿಗಿತಗಳನ್ನು ಹೊಡೆದು ಪಂದ್ಯ ಸೋತರೆ ಆ ಸಂಜೆ ಸಾರ್ಥಕ.

ದಿನಕ್ಕೊಬ್ಬ ಹೊಸ ಎದುರಾಳಿಯ ಹಿಂದೆ ಹೋಗಬೇಡಿ. ಖಾಸಗಿ ಕೊಠಡಿ ತೆರೆದು ನಿಮಗಿಂತ ಬಲಶಾಲಿಯಾದ ಒಬ್ಬರೊಂದಿಗೆ ‘ಮೊದಲು ಹತ್ತು ಗೆದ್ದವರು’ ಎಂಬ ಉದ್ದದ ಸರಣಿ ಆಡಿ. ಮೊದಲ ಮೂರು ಪಂದ್ಯಗಳಲ್ಲಿ ನಿಮ್ಮ ತಂತ್ರ ನಡೆಯುತ್ತದೆ. ನಾಲ್ಕನೆಯದರಲ್ಲಿ ಅವರು ಅದನ್ನು ಓದುತ್ತಾರೆ. ಕಲಿಕೆ ಶುರುವಾಗುವುದು ಅಲ್ಲಿಂದ, ಆದರೆ ಹೆಚ್ಚಿನವರು ಕೊಠಡಿ ಬಿಟ್ಟು ಓಡುವುದೂ ಅಲ್ಲಿಂದಲೇ. 2019ರಲ್ಲಿ ಕಾದಾಟದ ಆಟಗಳ ದೊಡ್ಡ ಪಂದ್ಯಾವಳಿಗಳಾದ ಇವೊ ಜಪಾನ್ ಮತ್ತು ಲಾಸ್ ವೇಗಸ್‌ನ ಇವೊ, ಎರಡರಲ್ಲೂ ಟೆಕ್ಕನ್ 7 ಎಂಬ ಇನ್ನೊಂದು ಕಾದಾಟದ ಆಟ ಗೆದ್ದ ಪಾಕಿಸ್ತಾನದ ಆಟಗಾರ ಅರ್ಸಲಾನ್ ಆಶ್ ಪಳಗಿದ್ದು ಲಾಹೋರಿನ, ಹಣ ಕೊಟ್ಟು ಆಡುವ ಆರ್ಕೇಡ್‌ಗಳಲ್ಲಿ, ಪಕ್ಕದಲ್ಲೇ ಕುಳಿತ ಪರಿಚಿತ ಎದುರಾಳಿಗಳ ಜೊತೆ. ಅವರೆಲ್ಲರಿಗೂ ಒಬ್ಬರ ಚಾಳಿ ಇನ್ನೊಬ್ಬರಿಗೆ ಗೊತ್ತಿತ್ತು. ಸರಣಿ ಮುಗಿದ ಮೇಲೆ ‘ನನ್ನ ಯಾವ ಚಾಳಿ ನಿಮಗೆ ಮೊದಲು ಕಂಡಿತು?’ ಎಂದು ಕೇಳಲು ಸಂಕೋಚ ಬೇಡ. ಆ ಒಂದು ಉತ್ತರಕ್ಕಾಗಿ ನಾನು ಎಷ್ಟೋ ರಾತ್ರಿ ಸೋತಿದ್ದೇನೆ.

ಆಮೇಲೆ ಒಂದೇ ಒಂದು ರೀಪ್ಲೇ ನೋಡಿ, ಅದೂ ಸೋತದ್ದು. ಕೋಪ ಬಂದಿದ್ದರೆ ಅಂದು ನೋಡಬೇಡಿ. ಸತತ ಮೂರು ಸೋಲಾಗಿ ಹಲ್ಲು ಕಚ್ಚತೊಡಗಿದರೆ ಯಂತ್ರ ಬಂದ್ ಮಾಡಿಬಿಡಿ. ಸಿಟ್ಟಿನಲ್ಲಿ ಕಲಿತ ಕೆಟ್ಟ ಚಾಳಿ ಬಿಡಿಸಲು ತಿಂಗಳುಗಳು ಬೇಕು. ಈ ವಿಷಯದಲ್ಲಿ ನನ್ನದು ಅತಿ ಎಚ್ಚರಿಕೆ ಎನ್ನುವವರಿದ್ದಾರೆ. ಇರಲಿ, ನಾನು ಬದಲಾಗುವುದಿಲ್ಲ.

ಪ್ರಶ್ನೆ: ಮೂವತ್ತು ದಿನಗಳಲ್ಲಿ ಮಾಸ್ಟರ್ ರ‍್ಯಾಂಕ್ ಗ್ಯಾರಂಟಿ ಎಂಬ ಹಣ ಕಟ್ಟುವ ತರಬೇತಿ ಸೇರಬಹುದೇ?

ಉತ್ತರ: ಸೇರಬೇಡಿ. ನಿಮ್ಮ ಆಟ ನೋಡುವ ಮೊದಲೇ ದಿನ ಎಣಿಸುವವನು ವಂಚಕ. ಒಳ್ಳೆಯ ಗುರು ಮೊದಲು ನಿಮ್ಮ ರೀಪ್ಲೇ ಕೇಳುತ್ತಾನೆ.

ಪ್ರಶ್ನೆ: ಎಲ್ಲಕ್ಕಿಂತ ಬಲವಾದ ಪಾತ್ರ ಯಾವುದು?

ಉತ್ತರ: ಪ್ಲಾಟಿನಂನಲ್ಲಿ ಆ ಪ್ರಶ್ನೆಗೆ ಅರ್ಥವಿಲ್ಲ.

ಪ್ರಶ್ನೆ: ದೊಡ್ಡ ಹಿಡಿಕೆ, ಗುಂಡಿಗಳಿರುವ ದುಬಾರಿ ಆರ್ಕೇಡ್ ಸ್ಟಿಕ್ ಬೇಕೇ ಬೇಕೇ?

ಉತ್ತರ: ಬೇಡ. ಆ ದುಡ್ಡಿನಲ್ಲಿ ಚಿಕ್ಕದೊಂದು ಪಾಲು ತೆಗೆದು ಉದ್ದನೆಯ ಲ್ಯಾನ್ ಕೇಬಲ್ ಕೊಳ್ಳಿ. ವೈಫೈ ಮೇಲೆ ಆಡುವವರ ಸಂಪರ್ಕ ತಡವರಿಸುವಾಗ ಎದುರಿನವರ ಅಭ್ಯಾಸವೂ ಕೆಡುತ್ತದೆ.

ಪ್ರಶ್ನೆ: ಆಡಿದ ಮೇಲೆ ಹೆಬ್ಬೆರಳಿನ ಬುಡ ನೋಯುತ್ತದೆ. ಆಡುತ್ತಾ ಆಡುತ್ತಾ ಸರಿಹೋಗುತ್ತದೆ ಎನ್ನುತ್ತಾರೆ, ನಿಜವೇ?

ಉತ್ತರ: ಸುಳ್ಳು, ಅಪಾಯಕಾರಿ ಸುಳ್ಳು. ಇಂದೇ ನಿಲ್ಲಿಸಿ. ಕೆಲವು ದಿನ ಬಿಟ್ಟರೂ ನೋವು ಹೋಗದಿದ್ದರೆ ಮೂಳೆ ವೈದ್ಯರಿಗೆ ತೋರಿಸಿ, ಅವರು ಒಪ್ಪುವವರೆಗೆ ನಿಯಂತ್ರಕ ಮುಟ್ಟಬೇಡಿ.