ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿ 33, 1.5, 1.10 ಅಂತೆಲ್ಲ ಬರುತ್ತದಲ್ಲ, ಏನಿದು?

33 ವಿಷಯದ ಸಂಕೇತ. ಕರ್ನಾಟಕದ ಪಿಯು ಪರೀಕ್ಷೆಯಲ್ಲಿ ಭೌತಶಾಸ್ತ್ರ 33, ರಸಾಯನಶಾಸ್ತ್ರ 34, ಗಣಿತ 35, ಜೀವಶಾಸ್ತ್ರ 36. ಸಿಬಿಎಸ್‌ಇಯಲ್ಲಿ ಭೌತಶಾಸ್ತ್ರಕ್ಕೆ 042, ಎರಡನ್ನೂ ಬೆರೆಸಬೇಡಿ.

1.5 ಎಂದರೆ ಒಂದನೇ ಅಧ್ಯಾಯದ ಐದನೇ ಭಾಗ. ಚುಕ್ಕಿ ಇದೆಯೆಂದು ದಶಮಾಂಶ ಅಂದುಕೊಂಡರೆ ಕೆಟ್ಟಿತು: 1.10 ಬರುವುದು 1.9 ಆದ ಮೇಲೆ, ಅದು 1.1 ಅಲ್ಲ. ಇನ್ನೊಂದು ತೊಡಕು, ಚಿತ್ರ, ಕೋಷ್ಟಕ, ಉದಾಹರಣೆ, ಸಮೀಕರಣಗಳಿಗೆ ಬೇರೆ ಬೇರೆ ಎಣಿಕೆ. ಹಾಗಾಗಿ ‘ಉದಾಹರಣೆ 1.5’ ಭಾಗ 1.5ರಲ್ಲೇ ಇರಬೇಕೆಂದಿಲ್ಲ. ನೋಟ್ಸ್‌ನಲ್ಲಿ ಬರೀ ಸಂಖ್ಯೆ ಬರೆಯದೆ ‘ಭಾಗ’, ‘ಉದಾ’, ‘ಸಮೀ’ ಎಂದು ಮುಂದೆ ಸೇರಿಸಿ.

ಹೆಚ್ಚಿನವರು ಎಡವುವುದು ಹಳೆ ಪುಸ್ತಕದಲ್ಲಿ. ತೀರ್ಥಹಳ್ಳಿ, ಹೊಸನಗರದ ಕಡೆ ಜುಲೈನಲ್ಲಿ ಮಳೆ ರಜೆ ಬಿದ್ದು ಮೇಷ್ಟ್ರು ವಾಟ್ಸಾಪಿನಲ್ಲಿ ‘1.5 ಓದ್ಕೊಳ್ಳಿ’ ಅಂದರು ಅನ್ನಿ. ಈಗಿನ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಅದು ಕೂಲಂಬನ ನಿಯಮ. ಅಕ್ಕ ಓದಿಬಿಟ್ಟ ಹಳೆ ಮುದ್ರಣದಲ್ಲಿ ಕೂಲಂಬ್ ಇರುವುದು 1.6ರಲ್ಲಿ, ಏಕೆಂದರೆ ಪ್ರೇರಣೆಯಿಂದ ವಿದ್ಯುದಾವೇಶಗೊಳಿಸುವ ಭಾಗವನ್ನು ಆಮೇಲೆ ಕೈಬಿಟ್ಟರು. ರಸಾಯನಶಾಸ್ತ್ರದಲ್ಲಂತೂ ಘನಸ್ಥಿತಿಯ ಅಧ್ಯಾಯವೇ ಹೋಗಿ ‘ದ್ರಾವಣಗಳು’ ಎರಡರಿಂದ ಒಂದಕ್ಕೆ ಬಂತು. ಹಳೆ ಪುಸ್ತಕವೇ ಗತಿಯಾದರೆ ಹೊಸ ಪುಸ್ತಕದ ಪರಿವಿಡಿಯ ಫೋಟೋ ತೆಗೆದು, ಸಂಖ್ಯೆ ಬಿಟ್ಟು ಶೀರ್ಷಿಕೆ ಹೊಂದಿಸಿ, ಹೊಸ ಸಂಖ್ಯೆಯನ್ನು ಪೆನ್ಸಿಲಿನಲ್ಲಿ ಪಕ್ಕದಲ್ಲೇ ಬರೆದುಕೊಳ್ಳಿ.